ಕಡಲು ದಾಟಿದ ಬಣ್ಣ



ಕನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬ ಮೋಟಾರು ಬಂಡಿಯ ಬಣ್ಣವನ್ನು ಕುರಿತು ಮಾತನಾಡಲು ಹೊರಟರೆ ನಿಮಗೆ ಸೋಜಿಗವೆನಿಸಬಹುದು. ಯಂತ್ರಶಾಸ್ತ್ರದಲ್ಲಿ ನನಗೆ ಪರಿಶ್ರಮವಿಲ್ಲ. ಆದರೆ ಹಳೆಯ ವಸ್ತುವಿಗೆ ಧಕ್ಕೆಯೊದಗಿದಾಗ ಎಷ್ಟನ್ನು ತಿದ್ದಬೇಕು, ಎಲ್ಲಿ ಕೈ ತಡೆಯಬೇಕು ಎಂಬ ಪ್ರಶ್ನೆ ಓಲೆಗರಿಯ ಗ್ರಂಥಗಳೊಡನೆ ಬದುಕು ಕಳೆದವನಿಗೆ ಹೊಸದಲ್ಲ. ಹಡಗೇರಿ ಪರದೇಶಕ್ಕೆ ಹೋಗಿ, ಮೈಮೇಲೆ ಗುಳ್ಳೆಯೆದ್ದು, ಬಿರುಕು ಬಿಟ್ಟು ಇಳಿಯುವ ಹಳೆಯ ಕಾರಿನ ವಿಷಯದಲ್ಲಿಯೂ ಏಳುವುದು ಅದೇ ಪ್ರಶ್ನೆ. ಅದನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ನಮ್ಮ ಭೋಜ ಗ್ರಾಮ ವೇದಗಂಗೆ ಮತ್ತು ದೂಧಗಂಗೆಗಳು ಕೂಡುವ ಎಡೆಯಲ್ಲಿದೆ. ಕಡಲು ಇಲ್ಲಿಂದ ದೂರ, ಘಟ್ಟದ ಆಚೆಗೆ. ಆದರೂ ಕಡಲು ದಾಟಿ ಬಂದ ಮೋಟಾರುಗಳ ಕಥೆಗೆ ನಮ್ಮ ಸೀಮೆ ಹೊರತಾಗಿಲ್ಲ. ನಿಪ್ಪಾಣಿ, ಕಾಗಲ ದಾಟಿದರೆ ಕೊಲ್ಲಾಪುರ. ಭಾರತದಲ್ಲಿ ಮೋಟಾರು ಇನ್ನೂ ಕೌತುಕದ ವಸ್ತುವಾಗಿದ್ದ 1908ರಲ್ಲಿ, ಮುಂಬಯಿ ಮತ್ತು ಕೊಲ್ಲಾಪುರಗಳ ನಡುವಣ ರಸ್ತೆಗಳಲ್ಲಿ ಕಾರುಗಳ ಸಾಮರ್ಥ್ಯ ಪರೀಕ್ಷೆಯೊಂದು ನಡೆಯಿತು. ಅದರಲ್ಲಿ ಗೆದ್ದದ್ದು ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದಿಳಿದಿದ್ದ ರೋಲ್ಸ್ ರಾಯ್ಸ್ ಕಂಪನಿಯ ಕಾರು. ‘ಪರ್ಲ್ ಆಫ್ ದಿ ಈಸ್ಟ್’, ಅಂದರೆ ಮೂಡಣ ದೇಶದ ಮುತ್ತು, ಎಂದು ಅದಕ್ಕೆ ಹೆಸರು. ಒಟ್ಟು 620 ಮೈಲಿಗಳ ದಾರಿ, ನಡುವೆ ಹಲವು ಘಟ್ಟಗಳು. ಆ ಗೆಲುವಿನ ಬಳಿಕ ಗ್ವಾಲಿಯರಿನ ಮಹಾರಾಜರು ಅದನ್ನು ಕೊಂಡರು. ಯಂತ್ರದ ಗಟ್ಟಿತನಕ್ಕೆ ಹೆಸರಾದ ಬಂಡಿಗೆ ಮುತ್ತಿನ ಹೆಸರಿಟ್ಟರು ಎಂಬುದನ್ನು ಗಮನಿಸಬೇಕು. ಮುತ್ತೆಂದರೆ ಹೊಳಪು. ಕಾರಿನ ಬೆಲೆಯಲ್ಲಿ ಮೈಯ ಹೊಳಪಿಗೂ ಒಂದು ಪಾಲುಂಟೆಂಬುದನ್ನು ಮಾರುವವರೂ ಕೊಳ್ಳುವವರೂ ಆಗಲೇ ಅರಿತಿದ್ದರು.

ಇಂದಿಗೂ ವಿಜಯದಶಮಿಯಂದು ಕೊಲ್ಲಾಪುರದ ದಸರಾ ಚೌಕದಲ್ಲಿ ಸೀಮೋಲ್ಲಂಘನಕ್ಕೆ ರಾಜಮನೆತನದವರು ಬರುವುದು ಜರ್ಮನಿಯಲ್ಲಿ ತಯಾರಾದ ಹಳೆಯ ಮೇಬ್ಯಾಕ್ ಕಾರಿನಲ್ಲಿ. ನಿಪ್ಪಾಣಿ ಕಡೆಯಿಂದ ಹೋದವರು ರಾಜರನ್ನು ನೋಡುವಷ್ಟೇ ಆಸಕ್ತಿಯಿಂದ ಆ ಕಾರನ್ನೂ ನೋಡುತ್ತಾರೆ. ಸೀಮೋಲ್ಲಂಘನವೆಂದರೆ ಎಲ್ಲೆಯನ್ನು ದಾಟುವುದು. ಒಂದು ಕಾಲಕ್ಕೆ ಕಾರುಗಳು ಎಲ್ಲೆ ದಾಟಿ ನಮ್ಮಲ್ಲಿಗೆ ಬಂದವು. ಸಂಸ್ಥಾನಗಳು ವಿಲೀನಗೊಂಡು ರಾಜಧನವೂ ನಿಂತುಹೋದ ಕಾಲದಲ್ಲಿ ಅವುಗಳಲ್ಲಿ ಅನೇಕವು ಬಂದ ದಾರಿಯಲ್ಲಿಯೇ ಹೊರಟುಹೋದವು. ಆಮೇಲೆ ಸರಕಾರ ಎಚ್ಚೆತ್ತು, 1950ಕ್ಕೆ ಹಿಂದಿನ ಕಾರುಗಳನ್ನು ರಫ್ತಿಗೆ ನಿರ್ಬಂಧವುಳ್ಳ ವಸ್ತುಗಳ ಪಟ್ಟಿಗೆ ಸೇರಿಸಿತು. ಪ್ರದರ್ಶನಕ್ಕೆಂದು ಹೋಗಿ ಮರಳಿ ಬರುವ ಬಂಡಿಗಳ ಮಾತು ಬೇರೆ. 2018ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಪೆಬಲ್ ಬೀಚ್ ಪ್ರದರ್ಶನದಲ್ಲಿ ಭಾರತದ ರಾಜಮಹಾರಾಜರ ಕಾರುಗಳಿಗಾಗಿಯೇ ಒಂದು ವರ್ಗವನ್ನು ಮೀಸಲಿಟ್ಟಿದ್ದರು. ಇನ್ನು, ಪರದೇಶದಲ್ಲಿ ನೆಲೆಸಿದ ನಮ್ಮ ಮಕ್ಕಳು ಅಪ್ಪ ಅಜ್ಜಂದಿರ ಅಂಬಾಸಡರನ್ನೋ ಫಿಯಾಟನ್ನೋ ತರಿಸಿಕೊಳ್ಳುವುದೂ ಉಂಟು.

ಹೀಗೆ ಹೋಗುವ ಕಾರಿನ ಬಣ್ಣಕ್ಕೆ ದಾರಿಯಲ್ಲಿ ಏನಾಗುತ್ತದೆ? ಇದನ್ನು ತಿಳಿಯಲು ಬಣ್ಣವೆಂದರೆ ಏನೆಂದು ಮೊದಲು ನೋಡಬೇಕು.

ಮೊದಮೊದಲಿನ ಮೋಟಾರುಗಳಿಗೆ ಬಣ್ಣ ಬಳಿದವರು ಕುದುರೆಗಾಡಿಗಳಿಗೆ ಬಣ್ಣ ಬಳಿಯುತ್ತಿದ್ದ ಕಸುಬುಗಾರರೇ. ಎಣ್ಣೆಬಣ್ಣ ಮತ್ತು ವಾರ್ನಿಶನ್ನು ಕುಂಚದಿಂದ ಪದರ ಪದರವಾಗಿ ಹಚ್ಚಬೇಕು. ಒಂದೊಂದು ಪದರವೂ ಒಣಗಬೇಕು, ಅದನ್ನು ನಯವಾಗಿ ಉಜ್ಜಬೇಕು, ಮತ್ತೆ ಹಚ್ಚಬೇಕು. ಒಂದು ಬಂಡಿಯ ಬಣ್ಣ ಮುಗಿಯಲು ವಾರಗಳೇ ಹಿಡಿಯುತ್ತಿದ್ದವು. ಕಾರ್ಖಾನೆಯಲ್ಲಿ ಯಂತ್ರಭಾಗ ಬೇಗ ಸಿದ್ಧವಾದರೂ ಬಣ್ಣ ಒಣಗುವುದನ್ನು ಕಾಯುತ್ತ ಬಂಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. 1923ರ ಸುಮಾರಿಗೆ ಅಮೆರಿಕದ ಡುಪಾಂಟ್ ಕಂಪನಿಯ ‘ಡ್ಯೂಕೊ’ ಬಣ್ಣ ಓಕ್ಲೆಂಡ್ ಎಂಬ ಕಾರಿನ ಮೇಲೆ ಬಂದಿತು. ಬೇಗನೆ ಒಣಗುವ ಆ ಬಣ್ಣವನ್ನು ಪಿಚಕಾರಿಯಂತಹ ಸಲಕರಣೆಯಿಂದ ಸಿಂಪಡಿಸಬಹುದಾಗಿತ್ತು. ವಾರಗಳ ಕೆಲಸ ದಿನಗಳಿಗೆ, ಗಂಟೆಗಳಿಗೆ ಇಳಿಯಿತು. ಆ ಹೆಸರು ನಮ್ಮ ಪೇಟೆಗಳಲ್ಲಿ ಎಷ್ಟು ಬೇರೂರಿತೆಂದರೆ, ಮರದ ಕಪಾಟಿಗೆ ಹೊಳಪಿನ ಬಣ್ಣ ಸಿಂಪಡಿಸುವ ಕೆಲಸಗಾರರು ಇಂದಿಗೂ ಅದನ್ನು ಡ್ಯೂಕೊ ಎಂದೇ ಕರೆಯುತ್ತಾರೆ.

ಇಂಗ್ಲಿಷಿನಲ್ಲಿ ಈ ಜಾತಿಯ ಬಣ್ಣಕ್ಕೆ ಲ್ಯಾಕರ್ ಎಂದು ಹೆಸರು. ಅದರ ಮೂಲವನ್ನು ಹುಡುಕಿಕೊಂಡು ಹೋದರೆ ನಮ್ಮ ಲಾಕ್ಷಾ, ಅಂದರೆ ಅರಗು ಸಿಗುತ್ತದೆ. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವುದೂ ಅರಗೇ. ಡ್ಯೂಕೊದಲ್ಲಿ ಇದ್ದುದು ಅರಗಲ್ಲ, ಹತ್ತಿಯ ನಾರನ್ನು ಆಮ್ಲದಲ್ಲಿ ಪಾಕ ಮಾಡಿ ಪಡೆದ ನೈಟ್ರೊಸೆಲ್ಯುಲೋಸ್ ಎಂಬ ವಸ್ತು. ತೋಪಿನ ಮದ್ದಿಗೆ ಅದು ಹತ್ತಿರದ ಬಂಧು, ಬೆಂಕಿಗೆ ಬೇಗನೆ ತುತ್ತಾಗುವಂಥದು. ಪಾಂಡವರ ಅರಗಿನ ಮನೆಯನ್ನು ಬಲ್ಲ ನಮಗೆ ಈ ಸಂಬಂಧ ವಿಚಿತ್ರವೆನಿಸದು. ಈ ಬಣ್ಣಕ್ಕೆ ಇನ್ನೊಂದು ಸ್ವಭಾವವುಂಟು. ವಯಸ್ಸಾದಂತೆ ಅದು ತನ್ನ ಬಾಗುವ ಗುಣವನ್ನು ಕಳೆದುಕೊಂಡು ಪೆಡಸಾಗುತ್ತದೆ. ಅಡಿಯ ತಗಡು ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುತ್ತದೆ. ಮೇಲಿನ ಬಣ್ಣ ಅದರೊಡನೆ ಹಿಗ್ಗಿ ಕುಗ್ಗಲಾರದೆ ಬೇಸಗೆಯ ಕೆರೆಯಂಗಳದಂತೆ ಬಿರಿಯುತ್ತದೆ. ಕೂದಲೆಳೆಯಷ್ಟು ಸೂಕ್ಷ್ಮವಾದ ಈ ಬಿರುಕುಗಳು ಮನೆಯಲ್ಲಿ ನಿಂತ ಬಂಡಿಯಲ್ಲಿಯೇ ಮೂಡಬಹುದು. ಕಡಲ ಪಯಣ ಅವುಗಳನ್ನು ಬೇಗ ತೆರೆಯಿಸುತ್ತದೆ.

ಕಡಲೆಂದೊಡನೆ ಉಪ್ಪುನೀರು ಎರಚುವ ಚಿತ್ರ ಕಣ್ಣ ಮುಂದೆ ನಿಲ್ಲುತ್ತದೆ. ಆದರೆ ಈಗಿನ ಕಾಲದಲ್ಲಿ ಬೆಲೆಬಾಳುವ ಹಳೆಯ ಕಾರು ಸಾಮಾನ್ಯವಾಗಿ ಹೋಗುವುದು ಬಾಗಿಲು ಮುಚ್ಚಿ ಮುದ್ರೆಯೊತ್ತಿದ ಉಕ್ಕಿನ ಕಂಟೇನರಿನೊಳಗೆ. ಅಲ್ಲಿ ಅಲೆ ಒಳಗೆ ಬರುವುದಿಲ್ಲ, ಮಳೆ ಮಾತ್ರ ಒಳಗೇ ಹುಟ್ಟುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಅದರ ಒಳಮೈಯಿಂದ ನೀರು ತೊಟ್ಟಿಕ್ಕುವುದನ್ನು ಯಾರು ನೋಡಿಲ್ಲ? ಇಲ್ಲಿ ನಡೆಯುವುದೂ ಅದೇ. 30 ಡಿಗ್ರಿ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳಬಲ್ಲುದು. 10 ಡಿಗ್ರಿಗೆ ಇಳಿದರೆ ಅದು ಹಿಡಿಯುವುದು 10 ಗ್ರಾಂಗೂ ಕಡಿಮೆ. ಉಳಿದುದು ನೀರಾಗಿ ಹೊರಬೀಳಲೇಬೇಕು. 20 ಅಡಿಯ ಕಂಟೇನರಿನ ಒಳಗಣ ಅವಕಾಶ ಸುಮಾರು 33 ಘನ ಮೀಟರ್. ಮುಂಬಯಿಯ ಮಳೆಗಾಲದ ತೇವಗಾಳಿಯನ್ನು ಒಳಗಿಟ್ಟು ಬಾಗಿಲು ಮುಚ್ಚಿ, ಚಳಿಯ ಕಡಲಿಗೆ ಕೊಂಡೊಯ್ದರೆ ಗಾಳಿಯೊಂದರಿಂದಲೇ ಅರ್ಧ ಲೀಟರಿನಷ್ಟು ನೀರು ಛಾವಣಿಯಲ್ಲಿ ಹನಿಗಟ್ಟಿ ಕೆಳಗೆ ಬೀಳಬಹುದು. ಕಂಟೇನರಿನ ನೆಲ ಮರದ್ದು, ಕಟ್ಟಿಗೆಯ ಆಧಾರಗಳೂ ಹಸಿಯಾಗಿದ್ದರೆ ನೀರು ಇನ್ನೂ ಹೆಚ್ಚು. ಹಗಲು ಕಾಯ್ದು ಇರುಳು ತಣಿಯುತ್ತ ಹೋಗುವ ಪಯಣದಲ್ಲಿ ಇದು ಒಂದು ಸಲವಲ್ಲ, ದಿನದಿನವೂ ನಡೆಯುತ್ತದೆ. ನಿಪ್ಪಾಣಿಯ ತಂಬಾಕಿನ ವ್ಯಾಪಾರಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಚ್ಚಿಟ್ಟ ಗೋದಾಮಿನಲ್ಲಿ ತೇವವುಳಿದರೆ ಮೂಟೆ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಬೂಷ್ಟು ಹಿಡಿದಿರುತ್ತದೆಂಬುದು ಅವರ ಅನುಭವ.

ಕಾರಿಗೆ ರಕ್ಷಣೆಯೆಂದು ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಸುತ್ತಿದರೆ ಕೇಡು ಇಮ್ಮಡಿಸುತ್ತದೆ. ಹಾಳೆಗೂ ಬಣ್ಣಕ್ಕೂ ನಡುವೆ ಸಿಕ್ಕಿಬಿದ್ದ ತೇವ ಹೊರಗೆ ಹೋಗಲಾರದು. ಬಣ್ಣದ ಪದರ ನಮ್ಮ ಕಣ್ಣಿಗೆ ಗಾಜಿನಂತೆ ಅಭೇದ್ಯವಾಗಿ ಕಂಡರೂ ನೀರಾವಿಯನ್ನು ಮೆಲ್ಲಮೆಲ್ಲನೆ ಒಳಗೆ ಬಿಟ್ಟುಕೊಳ್ಳುತ್ತದೆ. ಅಡಿಯ ತಗಡಿನ ಮೇಲೆ ಎಂದೋ ಉಳಿದ ಬೆವರಿನ ಉಪ್ಪೋ ನೀರಿನ ಉಪ್ಪೋ ಇದ್ದರೆ ಅದು ಆ ತೇವವನ್ನು ತನ್ನತ್ತ ಸೆಳೆಯುತ್ತದೆ. ಅಲ್ಲಿ ನೀರು ಶೇಖರವಾಗಿ ಬಣ್ಣ ಗುಳ್ಳೆಯಾಗಿ ಮೇಲೇಳುತ್ತದೆ. ಬಟ್ಟೆಯ ಮುಸುಕೂ ನಿರಪಾಯವಲ್ಲ. ಧೂಳು ಒರೆಸದೆ ಮುಸುಕು ಹಾಕಿದರೆ, ಹಡಗಿನ ತುಯ್ದಾಟದಲ್ಲಿ ಅದು ಅಲುಗಾಡಿ ಅಲುಗಾಡಿ, ಉಜ್ಜುಕಾಗದದಂತೆ ಮೆರುಗನ್ನು ತಿಂದುಹಾಕುತ್ತದೆ. ಕಟ್ಟಿದ ಪಟ್ಟಿ ಸಡಿಲಿದರೆ ಗೀರು, ಬಿಗಿದರೆ ಅಚ್ಚು.

ಇನ್ನು ಹಾನಿಯ ಹೊಣೆ ಯಾರದೆಂಬ ವಿಚಾರ. ಸರಕನ್ನು ಹಡಗಿಗೆ ಒಪ್ಪಿಸಿದಾಗ ಬಿಲ್ ಆಫ್ ಲೇಡಿಂಗ್ ಎಂಬ ಪತ್ರ ಕೈಗೆ ಬರುತ್ತದೆ. ಆದರೆ ಮುದ್ರೆಯೊತ್ತಿದ ಕಂಟೇನರಿನ ಒಳಗನ್ನು ಹಡಗಿನವರು ನೋಡಿರುವುದಿಲ್ಲ. ಆದುದರಿಂದ ಒಳಗೆ ಇಂಥ ವಸ್ತುವಿದೆಯೆಂದು ‘ಹೇಳಲಾಗಿದೆ’ ಎಂದಷ್ಟೇ ಅದರಲ್ಲಿ ಬರೆಯುತ್ತಾರೆ. ವ್ಯಾಕರಣ ಬಲ್ಲವರು ಆ ಕರ್ಮಣಿಪ್ರಯೋಗದ ಜಾಣ್ಮೆಯನ್ನು ಮೆಚ್ಚಬೇಕು. ನಮ್ಮಲ್ಲಿ ಈ ಸಂಬಂಧದ 1925ರ ಕಾಯಿದೆಯ ಸ್ಥಾನದಲ್ಲಿ 2025ರಲ್ಲಿ ಹೊಸ ಕಾಯಿದೆ ಬಂದಿದೆ. ಹಳೆಯದಕ್ಕೂ ಹೊಸದಕ್ಕೂ ಆಧಾರವಾದ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ, ಮೇಲ್ನೋಟಕ್ಕೆ ಕಾಣದ ಹಾನಿಯನ್ನು ಸರಕು ಕೈಸೇರಿದ 3 ದಿನಗಳೊಳಗೆ ಬರವಣಿಗೆಯಲ್ಲಿ ತಿಳಿಸಬೇಕು. ದಾವೆ ಹೂಡಲು 1 ವರ್ಷದ ಅವಧಿ. ವಸ್ತುವಿನ ಸ್ವಭಾವದಲ್ಲಿಯೇ ಇರುವ ದೋಷದಿಂದ ಆದ ಕೇಡಿಗೆ ಹಡಗಿನವರು ಹೊಣೆಯಲ್ಲ, ಸಾಮಾನ್ಯವಾಗಿ ವಿಮೆಯವರೂ ಅಲ್ಲ. ಹಳೆಯ ಬಣ್ಣದ ವ್ಯಾಜ್ಯವೆಲ್ಲ ಬಂದು ನಿಲ್ಲುವುದು ಇಲ್ಲಿಯೇ. ಈ ಬಿರುಕು ಕಡಲು ತಂದದ್ದೋ, ವಯಸ್ಸು ತಂದದ್ದೋ? ಹೊರಡುವ ಮುನ್ನ ಬಂಡಿ ಹೇಗಿತ್ತೆಂಬ ದಾಖಲೆಯಿಲ್ಲದವನಿಗೆ ಇದಕ್ಕೆ ಉತ್ತರವಿಲ್ಲ.

ನನಗೆ ತಿಳಿದ ಒಂದು ಪ್ರಸಂಗವನ್ನು ಹೇಳುತ್ತೇನೆ. ನನ್ನಲ್ಲಿ ಓದಿದ ಒಬ್ಬ ವಿದ್ಯಾರ್ಥಿಯ ತಂದೆ ನಮ್ಮ ಭಾಗದಲ್ಲಿ ತಂಬಾಕಿನ ವ್ಯಾಪಾರ ಮಾಡಿಕೊಂಡಿದ್ದವರು. ಅರವತ್ತರ ದಶಕದ ಅಂಬಾಸಡರ್ ಕಾರನ್ನು ಕೊನೆಯವರೆಗೂ ತಾವೇ ನಡೆಸಿದರು. ಅವರು ತೀರಿಕೊಂಡ ಮೇಲೆ, ಇಂಗ್ಲೆಂಡಿನಲ್ಲಿ ನೆಲೆಸಿದ್ದ ಮಗ ಕಾರನ್ನು ಅಲ್ಲಿಗೆ ತರಿಸಿಕೊಂಡ. ಅಂಬಾಸಡರಿಗೆ ಮಾದರಿಯಾದ ಮಾರಿಸ್ ಆಕ್ಸ್‌ಫರ್ಡ್ ಕಾರು ಆ ನಾಡಿನ ಕೌಲಿಯಲ್ಲಿ ತಯಾರಾಗುತ್ತಿತ್ತು. ಆ ಲೆಕ್ಕದಲ್ಲಿ ಇದು ತವರಿಗೆ ಹೋದ ಹಾಗೆ. ಆದರೆ ಕಳುಹಿಸುವ ಹೊಣೆ ಹೊತ್ತವರು ಅದನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದು, ಮಳೆಗಾಲದ ನಡುವೆ ಕಂಟೇನರಿಗೆ ಏರಿಸಿದ್ದರು. ಆಚೆಯ ದಡದಲ್ಲಿ ಬಾಗಿಲು ತೆರೆದಾಗ ಛಾವಣಿಯ ಮೇಲೂ ಬಾನೆಟ್ಟಿನ ಮೇಲೂ ಗುಳ್ಳೆಗಳೆದ್ದಿದ್ದವು. ಒಂದು ಪಕ್ಕದಲ್ಲಿ ಉದ್ದಕ್ಕೆ ಗೀರು ಬಿದ್ದಿತ್ತು.

ವಿಮೆಯ ಪರವಾಗಿ ಬಂದ ಪರಿಶೀಲಕ ಹಾನಿಗಳ ಪಟ್ಟಿ ಮಾಡಿದ. ಹಳೆಯ ಬಣ್ಣಕ್ಕೆ ಹೊಸ ತೇಪೆ ಹೊಂದದು, ಇಡೀ ಬಂಡಿಯನ್ನು ಕೆರೆದು ಹೊಸದಾಗಿ ಬಣ್ಣ ಹಾಕುವುದೇ ಲೇಸೆಂದು ಅಲ್ಲಿನ ವರ್ಕ್‌ಶಾಪಿನವರು ಹೇಳಿದರು. ಅದರ ಖರ್ಚು ಕೊಡಲು ವಿಮೆಯವರೂ ಒಪ್ಪಿದರು. ಇಷ್ಟು ಸುಲಭವಾಗಿ ಪರಿಹಾರ ದೊರೆಯುವುದು ಅಪರೂಪ. ಮಗ ಸಂತೋಷದಿಂದ ಆ ಪಟ್ಟಿಯನ್ನು ಊರಿನಲ್ಲಿದ್ದ ತಂಗಿಗೆ ಫೋನಿನಲ್ಲಿ ಓದಿ ಹೇಳಿದ. ಅದರಲ್ಲೊಂದು ನಮೂದು: ಚಾಲಕನ ಬಾಗಿಲಿನ ಕಿಟಕಿಯ ಕೆಳಗಿನ ಅಂಚಿನಲ್ಲಿ ನಾಲ್ಕು ಬೆರಳಗಲ ಬಣ್ಣ ಸವೆದು ತಗಡು ಕಾಣುತ್ತಿದೆ. ತಂಗಿ ಒಂದು ಕ್ಷಣ ಸುಮ್ಮನಿದ್ದು, “ಅಣ್ಣಾ, ಅಲ್ಲೆ ಅಪ್ಪನ ಮೊಣಕೈ ಇರತಿತ್ತಲ್ಲ. ಅದನ್ನೂ ಅಳಿಸಿ ಬಿಡತಾರೇನು?” ಎಂದಳಂತೆ.

ಪರಿಶೀಲಕನ ತಪ್ಪೇನೂ ಇಲ್ಲ. ಅವನ ಕಣ್ಣಿಗೆ ಸವೆತವೂ ಹಾನಿ, ಗುಳ್ಳೆಯೂ ಹಾನಿ. ಆದರೆ ಒಂದನ್ನು ಕಡಲು ಕೆಲವು ವಾರಗಳಲ್ಲಿ ಮಾಡಿತ್ತು. ಇನ್ನೊಂದನ್ನು ಒಬ್ಬ ಮನುಷ್ಯ ನಿಪ್ಪಾಣಿಯ ಪೇಟೆಗೆ ಹೋಗುತ್ತ ಬರುತ್ತ ನಾಲ್ಕು ದಶಕಗಳಲ್ಲಿ ತನಗರಿವಿಲ್ಲದೆ ಮಾಡಿದ್ದ. ಬಂಡಿಯನ್ನು ಪೂರ್ತಿ ಕೆರೆದಿದ್ದರೆ ಎರಡೂ ಒಟ್ಟಿಗೆ ಹೋಗುತ್ತಿದ್ದವು. ಮಗ ಆ ನಮೂದನ್ನು ಹೊಡೆದುಹಾಕಿಸಿದ. ಗುಳ್ಳೆಯೆದ್ದ ಭಾಗಗಳನ್ನು ಮಾತ್ರ ಸರಿಪಡಿಸಲು ಸಾಕಾಗುವ ಸಣ್ಣ ಮೊತ್ತಕ್ಕೆ ಒಪ್ಪಿಕೊಂಡ. ಛಾವಣಿಯ ಹೊಸ ಬಣ್ಣ ಹಳೆಯದಕ್ಕಿಂತ ತುಸು ಬೆಳ್ಳಗಿದೆಯಂತೆ. ಯಾರಾದರೂ ಕೇಳಿದರೆ, ಇದು ಕಡಲು ಮಾಡಿದ ಗುರುತು, ಅದು ಅಪ್ಪ ಮಾಡಿದ ಗುರುತು ಎಂದು ತೋರಿಸುತ್ತಾನಂತೆ.

ಈ ಮಾತನ್ನು ಕೇಳಿದಾಗ ನನಗೆ ನೆನಪಾದದ್ದು ಗ್ರಂಥಸಂಪಾದನೆ. ಡಿ. ಎಲ್. ನರಸಿಂಹಾಚಾರ್ಯರು 1964ರಲ್ಲಿ ಪ್ರಕಟವಾದ ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ಆ ಶಾಸ್ತ್ರವನ್ನು ನಮಗೆ ಕ್ರಮವಾಗಿ ತಿಳಿಸಿಕೊಟ್ಟಿದ್ದಾರೆ. ಓಲೆಗರಿಯನ್ನು ಹುಳು ತಿಂದು, ಅಂಚು ಮುರಿದು ಪದ್ಯದ ಅರ್ಧ ಪಾದ ಹೋಗಿದೆಯೆನ್ನಿ. ಸಂಪಾದಕ ಸ್ವತಃ ಕವಿಯಾಗಿದ್ದರೆ ಛಂದಸ್ಸಿಗೆ ಒಪ್ಪುವಂತೆ ಅದನ್ನು ತುಂಬಬಲ್ಲ. ಓದುಗನಿಗೆ ಗುರುತೇ ಹತ್ತದು. ಆದರೂ ಒಳ್ಳೆಯ ಸಂಪಾದಕ ಹಾಗೆ ಮಾಡನು. ಇಲ್ಲಿ ಗ್ರಂಥಪಾತವಾಗಿದೆಯೆಂದು ಚುಕ್ಕೆಗಳನ್ನಿಟ್ಟು ತೋರಿಸುತ್ತಾನೆ. ಊಹಿಸಿದ ಅಕ್ಷರವನ್ನು ಕಂಸದಲ್ಲಿಡುತ್ತಾನೆ. ಬೇರೆ ಪ್ರತಿಯ ಪಾಠವನ್ನು ಅಡಿಯಲ್ಲಿ ಕೊಡುತ್ತಾನೆ. ಹುಳು ತಿಂದ ಜಾಗಕ್ಕಿಂತ, ಹುಳು ತಿಂದದ್ದೇ ತಿಳಿಯದಂತೆ ತುಂಬಿದ ಜಾಗ ಹೆಚ್ಚು ಅಪಾಯಕಾರಿ. ಹುಳು ಅರ್ಧ ಪಾದವನ್ನು ಮಾತ್ರ ಒಯ್ದಿತು. ಗುರುತಿಲ್ಲದೆ ತುಂಬಿದವನು ಉಳಿದುದರ ಮೇಲಿನ ನಂಬಿಕೆಯನ್ನೂ ಒಯ್ದನು.

ಹಳೆಯ ಮೋಟಾರುಗಳ ಲೋಕವೂ ತಡವಾಗಿಯಾದರೂ ಇದೇ ನಿರ್ಣಯಕ್ಕೆ ಬಂದಿದೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ‘ಫಿವಾ’ 2012ರಲ್ಲಿ ಟ್ಯೂರಿನ್ ಸನ್ನದನ್ನು ಅಂಗೀಕರಿಸಿತು. ಸ್ಮಾರಕಗಳ ರಕ್ಷಣೆಗಾಗಿ 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದು ಅದಕ್ಕೆ ಮೇಲ್ಪಂಕ್ತಿ. ಇರುವುದನ್ನು ಉಳಿಸುವುದು ಮೊದಲು, ಹೋದುದನ್ನು ಮತ್ತೆ ಮಾಡುವುದು ಆಮೇಲೆ, ಮಾಡಿದ ಬದಲಾವಣೆಗೆಲ್ಲ ದಾಖಲೆಯಿರಲಿ ಎಂಬುದು ಅದರ ಧೋರಣೆ. ಹಿಂದೆ ಕನ್ನಡಿಯಂತೆ ಹೊಳೆಯುವ ಹೊಸ ಬಣ್ಣದ ಹಳೆಯ ಕಾರುಗಳಿಗೇ ಬಹುಮಾನ ಮೀಸಲೆಂಬಂತಿತ್ತು. ಈಗ ದೊಡ್ಡ ಪ್ರದರ್ಶನಗಳಲ್ಲಿ ಮೂಲ ಬಣ್ಣವನ್ನು ಉಳಿಸಿಕೊಂಡ, ಮಾಸಿದ, ಬಿರಿದ ಕಾರುಗಳಿಗೆ ಪ್ರತ್ಯೇಕ ವರ್ಗವಿದೆ. ಕಾರಿನ ಬಣ್ಣದ ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನ ಆಸುಪಾಸು. ಅಷ್ಟು ತೆಳುವಾದ ಪದರದಲ್ಲಿ ಕಾರ್ಖಾನೆಯ ಕಸುಬು, ಒಡೆಯನ ಅಭ್ಯಾಸ, ಊರಿನ ಬಿಸಿಲು ಎಲ್ಲವೂ ಅಡಗಿವೆ. ಬಂಡಿಯನ್ನು ಎಷ್ಟು ಸಲವಾದರೂ ಹೊಸದು ಮಾಡಬಹುದು. ಮೊದಲ ಬಣ್ಣ ಮಾತ್ರ ಒಂದೇ ಸಲ ಸಿಗುವಂಥದು.

ಹಾಗೆಂದು ತುಕ್ಕು ಹಿಡಿದ ತಗಡನ್ನು ಪೂಜಿಸಬೇಕೆಂದು ನಾನು ಹೇಳುತ್ತಿಲ್ಲ. ಗುಳ್ಳೆಯ ಅಡಿಯಲ್ಲಿ ನೀರಿದ್ದರೆ ಅದನ್ನು ತೆರೆದು ಒಣಗಿಸಿ, ತುಕ್ಕು ಹಬ್ಬದಂತೆ ತಡೆಯಲೇಬೇಕು. ರೋಗವಿರುವಲ್ಲಿ ಮದ್ದು ಬೇಕು, ಮುಪ್ಪಿಗೆ ಮದ್ದು ಬೇಡ ಎನ್ನುವುದಷ್ಟೇ ನನ್ನ ಅಭಿಪ್ರಾಯ.

ಹಳೆಯ ಬಂಡಿಯನ್ನು ಕಡಲು ದಾಟಿಸಬೇಕೆನ್ನುವವರು ಮಾಡಬೇಕಾದುದು ಬಹಳವೇನೂ ಇಲ್ಲ. ಬಂಡಿಯನ್ನು ತೊಳೆದು, ಸಂದುಗೊಂದುಗಳೂ ಒಣಗುವವರೆಗೆ ಕಾಯಬೇಕು. ಸಾಧ್ಯವಾದರೆ ಮಳೆಗಾಲವನ್ನು ತಪ್ಪಿಸಬೇಕು. ಪ್ಲಾಸ್ಟಿಕ್ಕನ್ನು ಬಿಟ್ಟು, ಗಾಳಿಯಾಡುವ ಮೆದು ಹತ್ತಿಯ ಮುಸುಕನ್ನು ಹಾಕಬೇಕು. ಕಂಟೇನರಿನೊಳಗೆ ತೇವ ಹೀರುವ ಪೊಟ್ಟಣಗಳನ್ನು ತೂಗಬಿಡಬೇಕು. ಪಟ್ಟಿಗಳನ್ನು ಮೈಗೆ ತಾಗದಂತೆ ಚಕ್ರಗಳಿಗೆ ಬಿಗಿಯಬೇಕು. ಎಲ್ಲಕ್ಕಿಂತ ಮೊದಲು, ಹಗಲು ಬೆಳಕಿನಲ್ಲಿ ಪ್ರತಿಯೊಂದು ಭಾಗದ ಛಾಯಾಚಿತ್ರವನ್ನೂ ತೆಗೆದು, ಎಲ್ಲೆಲ್ಲಿ ಏನೇನು ಸವೆದಿದೆ, ಬಿರಿದಿದೆ ಎಂದು ದಿನಾಂಕ ಸಹಿತ ಬರೆದಿಡಬೇಕು. ವಿಮೆಯವರಿಗೂ ನ್ಯಾಯಾಲಯಕ್ಕೂ ಅದು ಸಾಕ್ಷ್ಯವಾದೀತು. ಮನೆಯವರಿಗೆ ಅದರಿಂದ ಇನ್ನೊಂದು ಉಪಕಾರವೂ ಉಂಟು. ಯಾವ ಗುರುತು ಯಾರದೆಂದು ಕೇಳಿ ಬರೆದುಕೊಳ್ಳಲು, ಬಲ್ಲವರು ಇನ್ನೂ ಇರುವಾಗಲೇ, ಅದೊಂದು ನೆಪವಾಗುತ್ತದೆ.

ಬರುವ ಖಂಡೇ ಪೂಜೆಯ ದಿನ ನೀವು ನಿಮ್ಮ ಬಂಡಿಯನ್ನು ತೊಳೆದು, ಚೆಂಡು ಹೂವಿನ ಮಾಲೆ ಕಟ್ಟಿ, ಕುಂಕುಮ ಹಚ್ಚುವಿರಿ. ಆಗ ಒರೆಸುವ ಬಟ್ಟೆಯನ್ನು ತುಸು ನಿಧಾನವಾಗಿ ಆಡಿಸಿ, ಅದರ ಮೈಮೇಲಿನ ಗೀರುಗಳನ್ನು ಒಮ್ಮೆ ನೋಡಿರಿ. ಕೆಲವನ್ನು ತಿದ್ದಿಸಬೇಕಾದೀತು. ಕೆಲವನ್ನು ಇರುವಂತೆಯೇ ಬಿಡಬೇಕೆನಿಸೀತು. ಯಾವುದು ಯಾವುದೆಂದು ಗ್ಯಾರೇಜಿಗೆ ಹೋಗುವ ಮೊದಲೇ ನಿರ್ಧರಿಸಿಕೊಳ್ಳುವುದು ಒಳ್ಳೆಯದು.